ಗ್ರೀಸ್‌ನವರ ಸಂಗಡ ತಿರುಗಿದ್ದು

ದುಭಾಷಿಯ ಕೆಲಸ ಹಿಡಿದ ಮೇಲೆ ನಗು ಬಾರದ ವಾರವೇ ನನಗಿಲ್ಲ. ಇಬ್ಬರ ಮಾತು ನನ್ನ ಬಾಯಿಂದಲೇ ದಾಟಬೇಕು, ದಾಟುವಾಗ ಅಷ್ಟಿಷ್ಟು ಚೆಲ್ಲಿಯೇ ಚೆಲ್ಲುತ್ತದೆ.

ಮೊದಲು ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಕಡೆ ಟೀಚರಮ್ಮನಂಥವರನ್ನೆಲ್ಲ ‘ಬಾಯಾರು’ ಅಂತಲೇ ಕರೆಯುತ್ತಾರೆ. ಗ್ರೀಸ್ ದೇಶದ ಒಂದು ದತ್ತಿ ಸಂಸ್ಥೆ ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ಕೆಲಸ ಶುರು ಮಾಡಿದಾಗ ಅವರಿಗೊಬ್ಬ ದುಭಾಷಿ ಬೇಕಾಯಿತು. ಸಂಸ್ಥೆಗೆ ಆರೋಗ್ಯ, ಶಿಕ್ಷಣ, ಸಂಸ್ಕೃತಿ ಅಂತ ಮೂರು ವಿಭಾಗ. ಮೂರಕ್ಕೂ ಸೇರಿ ಇಲ್ಲಿದ್ದವರು ಒಬ್ಬರೇ ಗ್ರೀಕ್ ಮೇಡಮ್, ಅವರ ಹಿಂದೆ ನಾನು. ಜೀಪಿನ ಕಿಟಕಿಗೆ ತಲೆ ಆನಿಸಿ, ತೊಗರಿ ಹೊಲಗಳು ಹಿಂದಕ್ಕೆ ತೇಲಿ ಹೋಗುವುದನ್ನು ನೋಡುತ್ತ ಕಳೆದ ಆ ದಿನಗಳು ಮಧ್ಯಾಹ್ನದ ಜೊಂಪಿನಲ್ಲಿ ಕಂಡ ಕನಸಿನ ಹಾಗೆ ನೆನಪಿಗೆ ಬರುತ್ತವೆ.

ಫುಕಟ್ ಗ್ರೀಸ್

ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಗೆ ಆರೋಗ್ಯ ಶಿಬಿರ ಹಾಕಿದ್ದೆವು. ಬ್ಯಾನರ್ ಬರೆದವನಿಗೆ ಜಾಗ ಸಾಲದೆ ‘ಗ್ರೀಸ್’ ಮತ್ತು ‘ಉಚಿತ’ ಎರಡೇ ದೊಡ್ಡದಾಗಿ ಬಂದಿದ್ದವು. ಉಳಿದದ್ದೆಲ್ಲ ಇರುವೆ ಸಾಲು. ಒಬ್ಬ ಲಾರಿ ಡ್ರೈವರ್ ಡಬ್ಬಿ ಹಿಡಿದುಕೊಂಡು ಬಂದ.

“ಬಾಯಾರ, ಒಂದರ್ಧ ಕಿಲೋ ಗ್ರೀಸ್ ಕೊಡ್ರಿ. ಫುಕಟ್ ಅಂತ ಬರದೀರಲ್ಲ.”

“ಅಣ್ಣಾ, ಗ್ರೀಸ್ ಅಂದ್ರ ಒಂದು ದೇಶರಿ. ನಾವಿಲ್ಲಿ ಆರೋಗ್ಯ ತಪಾಸಣೆ ಮಾಡಾಕತ್ತೀವಿ.”

“ನಾ ಬಂದಿದ್ದೂ ಗಾಡಿ ಆರೋಗ್ಯದ ಸಲುವಾಗೇರಿ.”

ಮೇಡಮ್‌ಗೆ ವಿಷಯ ಹೇಳಿದೆ. ಅವರು ನಗುತ್ತ ಅವನನ್ನೇ ಕೂರಿಸಿ ಬಿಪಿ ನೋಡಿಸಿದರು. ಮೇಲಕ್ಕೇರಿ ಕೂತಿತ್ತು. ಶಿಬಿರಕ್ಕೆ ಬಂದಿದ್ದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಅವನು ಖಾಲಿ ಡಬ್ಬಿ ನೋಡಿಕೊಳ್ಳುತ್ತ, ಬೇಜಾರಿನಿಂದಲೇ ಹೋದ.

ಮುಂದಿನ ಶಿಬಿರಕ್ಕೆ ಮತ್ತೆ ಬಂದ. ಈ ಸಲ ಕೈಯಲ್ಲಿ ಡಬ್ಬಿ ಇರಲಿಲ್ಲ.

“ಹ್ಯಾಂಗ ಅದೀರಿ?” ಅಂದೆ.

“ಗಾಡಿ ಹಂಗೇ ಕಿರ್ ಕಿರ್ ಅಂತದ ಬಾಯಾರ. ಆದ್ರ ನನ್ನ ಕಿರಿಕಿರಿ ನಿಂತದ ಅಂತ ಮನ್ಯಾಗ ಅಂತಾರ.”

ಬೇಕು, ಬ್ಯಾಡ

ಗ್ರೀಕ್ ಭಾಷೆಯಲ್ಲಿ ‘ನೆ’ ಅಂದರೆ ಹೌದು, ‘ಓಹಿ’ ಅಂದರೆ ಬೇಡ. ಇದು ನನಗೆ ತಿಳಿದದ್ದು ಘಾಟಬೋರಾಳದಲ್ಲಿ, ಅದೂ ತಡವಾಗಿ.

ಒಬ್ಬ ರೈತರ ಮನೆಯಲ್ಲಿ ನಮಗೆ ಊಟ. ತಟ್ಟೆ ಇಟ್ಟು ಬಡಿಸಲು ಶುರು ಮಾಡಿದ್ದರು, ಅಷ್ಟರಲ್ಲಿ ನನಗೊಂದು ಫೋನ್ ಬಂತು. ಅಂಗಳಕ್ಕೆ ಎದ್ದು ಹೋದೆ. ಬೇವಿನ ನೆರಳು ತಂಪಾಗಿತ್ತು, ಮಾತು ಉದ್ದವಾಯಿತು. ನಾನಿಲ್ಲದಾಗ ಒಳಗೆ ನಡೆದದ್ದು ಇಷ್ಟು. ಮನೆಯಾಕೆ ಗೋಧಿ ಹುಗ್ಗಿಯ ಸೌಟು ಹಿಡಿದು “ಹಾಕ್ಲೇನ್ರಿ?” ಅಂದಿದ್ದಾರೆ. ಮೇಡಮ್‌ಗೆ ಹುಗ್ಗಿ ಅಂದರೆ ಪ್ರಾಣ, ಖುಷಿಯಲ್ಲಿ ತಮ್ಮ ಭಾಷೆಯೇ ಬಾಯಿಗೆ ಬಂದಿದೆ: “ನೆ, ನೆ!” ನಮ್ಮ ಕಡೆ ಉರ್ದು ಎಲ್ಲರ ನಾಲಿಗೆಯ ಮೇಲೂ ಇರುತ್ತದೆ. ‘ನೈ’ ಅಂದರು, ಬೇಡವಂತೆ ಅಂತ ತಿಳಿದು ಆಕೆ ಸೌಟು ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಆಮೇಲೆ ಹಸಿಮೆಣಸಿನಕಾಯಿ ಕುಟ್ಟಿದ ಠೇಚಾ ಹಿಡಿದು “ಇದು?” ಅಂದಿದ್ದಾರೆ. ಮೇಡಮ್ ಗಾಬರಿಯಿಂದ “ಓಹಿ, ಓಹಿ!” ಅಂದಿದ್ದಾರೆ. ಆಕೆಗೆ ಕೇಳಿಸಿದ್ದು ‘ವಹೀ, ವಹೀ’, ಅಂದರೆ ‘ಅದೇ, ಅದೇ’. ಒಂದು ದೊಡ್ಡ ಚಮಚೆ ತಟ್ಟೆಗೆ ಬಿತ್ತು. ಮೇಡಮ್ ಇನ್ನೂ ಜೋರಾಗಿ ‘ಓಹಿ’ ಅಂದರು, ಇನ್ನೊಂದು ಬಿತ್ತು. ಬಡಿಸಿದ್ದನ್ನು ಬಿಟ್ಟರೆ ಮನೆಯವರು ನೊಂದುಕೊಳ್ಳುತ್ತಾರೆ ಅಂತ ನಾನೇ ಅವರಿಗೆ ಕಲಿಸಿದ್ದೆ. ಅಷ್ಟನ್ನೂ ತಿಂದರು.

ನಾನು ಒಳಗೆ ಬಂದಾಗ ಮೇಡಮ್ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಮನೆಯಾಕೆ ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು.

“ನೋಡ್ರಿ ಬಾಯಾರ,” ಅಂದರು, “ನಮ್ಮ ಮ್ಯಾಲ ಎಷ್ಟು ಜೀವ ಅದ ಇವರಿಗಿ! ಹೋಗಾಕ ಮನಸೇ ಇಲ್ಲ ಅಂತ ಅಳಾಕತ್ತಾರ.”

ಮುಡಬಿಯಲ್ಲಿ ಸಮುದ್ರ

ಮುಡಬಿಯ ಶಾಲೆಯಲ್ಲಿ ಮೇಡಮ್ ಒಂದು ದಿನ ಪುಸ್ತಕ ಬದಿಗಿಟ್ಟು ತಮ್ಮ ಊರಿನ ಸಮುದ್ರದ ಮಾತು ತೆಗೆದರು. ಅವರು ಹೇಳುತ್ತ ಹೋದರು, ನಾನು ಕನ್ನಡ ಮಾಡುತ್ತ ಹೋದೆ. ಎತ್ತ ನೋಡಿದರೂ ನೀರು. ಆಚೆ ದಡವೇ ಇಲ್ಲ. ಬೆಳಿಗ್ಗೆ ಒಂದು ಬಣ್ಣ, ಸಂಜೆಗೆ ಇನ್ನೊಂದು. ಮಲಗಿದರೆ ಕಿವಿಯಲ್ಲಿ ಅದರದೇ ಸಪ್ಪಳ. ಹೇಳುತ್ತ ಮೇಡಮ್ ಕಣ್ಣು ಮುಚ್ಚಿದರು. ಮಕ್ಕಳೂ ಮುಚ್ಚಿದವು. ಹೊರಗೆ ಬಿಸಿಲು ಧಗಧಗ, ಒಳಗೆ ನಾವೆಲ್ಲ ತಂಪು ನೀರಲ್ಲಿ ತೇಲುತ್ತಿದ್ದೆವು. ಸಮುದ್ರ ಕಾಣದ ನನಗೂ ಕಾಲು ಒದ್ದೆಯಾದಂತೆ ಅನ್ನಿಸಿತು.

ಹಿಂದಿನ ಸಾಲಿನ ಒಂದು ಹುಡುಗಿ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದಳು.

“ಅಷ್ಟು ನೀರದ ಅಂದ್ರ ಕಬ್ಬು ಹಾಕಿರೇನ್ರಿ?”

ನಾನು ಅದನ್ನು ಇಂಗ್ಲಿಷಿಗೆ ದಾಟಿಸಿದೆ. ಮೇಡಮ್ ಕಣ್ಣು ಬಿಟ್ಟರು. “ಇಲ್ಲಮ್ಮ, ಸಮುದ್ರದ ನೀರು ಉಪ್ಪು. ಹೊಲಕ್ಕೆ ಬರುವುದಿಲ್ಲ, ಕುಡಿಯಲಿಕ್ಕೂ ಬರುವುದಿಲ್ಲ.”

ಅದನ್ನು ಕನ್ನಡದಲ್ಲಿ ಹೇಳಿದೆ. ಇಡೀ ಕ್ಲಾಸು ನಿಟ್ಟುಸಿರು ಬಿಟ್ಟಿತು. ಹುಡುಗಿಗೆ ಸಿಟ್ಟೇ ಬಂತು.

“ಅಷ್ಟೂ ನೀರು ಹಾಳಾತಲ್ರಿ! ಅದರಾಗ ಉಪ್ಪು ಹಾಕಿದವರು ಯಾರ್ರಿ?”

ಜೋಗುಳ

ಮೇಡಮ್‌ಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸವೆಂದರೆ ನಮ್ಮ ಕಡೆಯ ಜೋಗುಳಗಳನ್ನು ರೆಕಾರ್ಡ್ ಮಾಡಿ ಇಡುವುದು. ಆದರೆ ಯಾವ ಕೆಲಸ ಉಳಿಯಬೇಕು, ಯಾವುದು ನಿಲ್ಲಬೇಕು ಅಂತ ನೋಡಲು ಅಥೆನ್ಸಿನಿಂದ ದೊಡ್ಡ ಸಾಹೇಬರೇ ಬಂದರು. ಆರಡಿ ಎತ್ತರ, ಎದೆಯವರೆಗೆ ಬಿಳಿ ಗಡ್ಡ. ಮಾಣಿಕನಗರಕ್ಕೆ ಹೋಗುವಾಗ ಜೀಪಿನಲ್ಲೇ ಕೇಳಿದರು: “ಜೋಗುಳ ಕೂಡಿಟ್ಟರೆ ಯಾರಿಗೆ ಏನು ಉಪಯೋಗ?” ಮೇಡಮ್ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಅಲ್ಲಿ ಅಂಗಡಿ ಸಾಲಿನ ಹಿಂದಿನ ಓಣಿಯಲ್ಲಿ ಜೋಗುಳ ಹಾಡುವ ಮುದುಕಿಯ ಮನೆ. ಎಲ್ಲರಿಗೂ ಅವಳು ಆಯಿ, ಅಂದರೆ ಅಜ್ಜಿ. ನಾವು ಮಷಿನ್ ಹೂಡಿ ಕೂತರೆ ಆಯಿ ಬಾಯಿಯೇ ತೆರೆಯಲೊಲ್ಲಳು.

“ಕೂಸೆಲ್ಲಿ?”

“ಕೂಸಿಲ್ಲ ಆಯಿ. ಹಾಡಷ್ಟೇ ಬೇಕು.”

“ಕೂಸಿಲ್ಲದ ಜೋಗುಳ ಹ್ಯಾಂಗ ಹಾಡ್ಲಿ? ಬಾಯಾಗ ಬರಂಗಿಲ್ಲ ಅದು.”

ಪಕ್ಕದ ಮನೆಯ ಕೂಸು ಅಜ್ಜಿಯ ಊರಿಗೆ ಹೋಗಿತ್ತು. ಆಯಿ ಸುತ್ತ ನೋಡಿ ಸಾಹೇಬರ ಮೇಲೆ ಕಣ್ಣು ನಿಲ್ಲಿಸಿದಳು.

“ಇವ ಯಾಕ ಕಣ್ಣು ಕೆಂಪ ಮಾಡಿಕೊಂಡು ಕುಂತಾನ?”

“ವಿಮಾನದಾಗ ಬಂದಾಗಿಂದ ನಿದ್ದಿಯಿಲ್ಲ ಆಯಿ.”

“ಹಂಗಿದ್ರ ಇವನ್ನೇ ಮಲಗಸು.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಬೂಟು ಕಳಚಿ, ಕೌದಿಯ ಮೇಲೆ ಮಲಗಿದರು. ಪಾದಗಳೆರಡೂ ಹೊಸ್ತಿಲಾಚೆ ಚಾಚಿದವು. ಆಯಿ ಭುಜ ತಟ್ಟುತ್ತ ಹಾಡತೊಡಗಿದಳು. ಆ ದನಿ ಎಲ್ಲಿಂದ ಬರುತ್ತಿತ್ತೋ! ಬೆಳಕಿಂಡಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ಧೂಳು ಸಹ ನಿಧಾನ ಮಾಡಿದಂತಿತ್ತು. ಎರಡನೇ ನುಡಿಗೆ ಸಾಹೇಬರು ನಿದ್ದೆ ಹೋದರು. ಮೂರನೆಯದಕ್ಕೆ ಮೇಡಮ್ ಗೋಡೆಗೆ ಒರಗಿದರು. ನನಗೂ ಅವ್ವನ ತೊಡೆಯ ಮೇಲೆ ತಲೆಯಿಟ್ಟಂತಾಯಿತು.

ಅಷ್ಟರಲ್ಲಿ ಸಾಹೇಬರಿಗೆ ಸನ್ಮಾನ ಮಾಡಲು ಊರ ಹಿರಿಯರು ಹಾರ, ಶಾಲು ಹಿಡಿದು ಗದ್ದಲದಿಂದ ಬಂದರು. ಆಯಿ ತುಟಿಯ ಮೇಲೆ ಬೆರಳಿಟ್ಟಳು.

“ಶ್! ಕೂಸು ಈಗಷ್ಟೇ ಮಲಗ್ಯಾದ.”

ಹಿರಿಯರು ಹೊಸ್ತಿಲಾಚೆ ಚಾಚಿದ್ದ ಆ ಎರಡು ಪಾದಗಳನ್ನು ನೋಡಿದರು. ಚಪ್ಪಲಿ ಕೈಗೆ ತೆಗೆದುಕೊಂಡರು. ತುದಿಗಾಲಲ್ಲಿ ಒಳಗೆ ಬಂದು, ಸನ್ಮಾನದ ಶಾಲನ್ನು ಮೆಲ್ಲಗೆ ಮೈಮೇಲೆ ಹೊದಿಸಿ ಹಾಗೇ ಹೋದರು.

ಸಾಹೇಬರು ಎದ್ದಾಗ ಸಂಜೆ. ಮಷಿನ್ ಹಚ್ಚಿ ಕೇಳಿದರು. ಎರಡು ನುಡಿ ಹಾಡು, ಆಮೇಲೆ ಹಾಡಿನ ಜೊತೆ ಅವರದೇ ಗೊರಕೆ. ಮೇಡಮ್ ಮುಖ ಬಿಳಿಚಿತು. ಸಾಹೇಬರು ಗಂಭೀರವಾಗಿ ಹೇಳಿದರು: “ಈ ಕೆಲಸವನ್ನು ಸಂಸ್ಕೃತಿ ವಿಭಾಗದಿಂದ ತೆಗೆದುಬಿಡಿ.”

ಮೇಡಮ್ ತಲೆ ತಗ್ಗಿಸಿದರು.

“ಆರೋಗ್ಯ ವಿಭಾಗಕ್ಕೆ ಹಾಕಿ,” ಅಂದರು. “ನಿಲ್ಲಿಸಬೇಡಿ.”

ಮೇಡಮ್ ನಗುತ್ತ ಅಳುತ್ತ ನನ್ನ ಕೈ ಹಿಡಿದುಕೊಂಡರು. ಆಯಿ ಹಾಲಿನ ಲೋಟ ತಂದು ಸಾಹೇಬರ ಕೈಗಿಟ್ಟಳು. “ಏನಂತಾದ ಕೂಸು?”

ನಾನು ಎಲ್ಲವನ್ನೂ ವಿವರಿಸಿ ಹೇಳಿದೆ. ಆಯಿ ಅತ್ತ ಕಿವಿಗೊಡಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು, ಗಡ್ಡಕ್ಕೆ ಹಾಲು ಹತ್ತಿಸಿಕೊಂಡು ಕುಡಿಯುತ್ತಿದ್ದ ಸಾಹೇಬರನ್ನೇ ನೋಡುತ್ತ ಅಂದಳು:

“ಅದೇನರ ಅನ್ಲಿ. ಎದ್ದು ಅಳಲಿಲ್ಲ ನೋಡು. ಭಾಳ ಗುಣದ ಕೂಸದ.”