ಹತ್ತು ಪೈಸೆಯ ಪೆನ್ನು

ಒಬ್ಬನೇ ಇರುವ ಮನುಷ್ಯ ಎಂಥ ಲಫಂಗನಾಗಬಲ್ಲ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಅವನ ಮನೆಗೆ ಯಾರೂ ಬರುವುದಿಲ್ಲ. ನಾನು ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಲೇಥ್ ಕೆಲಸ ಕಲಿಸಿದ ಮಾಸ್ತರ. ಊರಲ್ಲಿ ಮರ್ಯಾದಸ್ಥನೆಂಬ ಹೆಸರಿದೆ. ಆದರೂ ಹೋದ ವರ್ಷ ಹನ್ನೊಂದು ಜನರಿಗೆ ಮೋಸ ಮಾಡಿದೆ, ಅದೂ ಕೈಯಾರೆ ಪೆನ್ನು ಮಾಡಿಕೊಟ್ಟು.

ಹಿತ್ತಲಿನಲ್ಲಿ ಕಟ್ಟಿಗೆ, ಕಬ್ಬಿಣ ಕಡೆಯುವ ನನ್ನದೊಂದು ಚಿಕ್ಕ ಲೇಥ್ ಇದೆ. ನನ್ನ ಹೆಂಡತಿಗೆ ಅದರ ಮೇಲೆ ಸವತಿಯ ಮೇಲಿನಷ್ಟೇ ಸಿಟ್ಟು. "ಇದನ್ನ ಲಗ್ನಾ ಆಗಬೇಕಿತ್ರಿ ನೀವು. ಇದರ ಮುಂದ ಎಂಟ ತಾಸ ನಿಂದರ್ತೀರಿ, ನನ್ನ ಮುಂದ ಎಂಟ ನಿಮಿಷ ಕುಂದರೂದಿಲ್ಲ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಲೇಥ್ ಮುಂದೆ ಹತ್ತು ತಾಸು ನಿಂತರೂ ಕೇಳುವವರಿಲ್ಲ. ಬೈಸಿಕೊಳ್ಳದೆ ಮಾಡುವ ಕೆಲಸದಲ್ಲಿ ರುಚಿಯೇ ಇರುವುದಿಲ್ಲ ಎಂದು ಆಗ ತಿಳಿಯಿತು. ಒಂದು ದಿನ ಬೇಳೆ ಡಬ್ಬಿಯ ತಳದಲ್ಲಿ ಅವಳು ಕೂಡಿಟ್ಟಿದ್ದ ಹಳೆಯ ಹತ್ತು ಪೈಸೆ ನಾಣ್ಯಗಳು ಸಿಕ್ಕವು. ಯಾವ ಅಂಗಡಿಯಲ್ಲೂ ನಡೆಯುವಂಥವಲ್ಲ. ಒಗೆಯಲು ಮನಸ್ಸಾಗಲಿಲ್ಲ. ಮುರಿದ ಚಕ್ಕಡಿಯ ಜಾಲಿ ಕಟ್ಟಿಗೆಯನ್ನು ಕಡೆದು ಪೆನ್ನು ಮಾಡಿ, ತಲೆಯಲ್ಲಿ ನಾಣ್ಯದ ಅಳತೆಗೆ ಸರಿಯಾಗಿ ಗುಳಿ ಕೊರೆದು, ಅಂಟು ಹಾಕಿ ಒಂದೊಂದು ನಾಣ್ಯ ಕೂರಿಸಿದೆ. ಪೆನ್ನು ಒನಕೆಯ ತಮ್ಮನಷ್ಟು ದಪ್ಪವಾಯಿತು, ಆ ಮಾತು ಬೇರೆ.

ಮೋಸ ಇರುವುದು ಮುಂದೆ. ನಾಣ್ಯ ಕೂತ ಮುಚ್ಚಳಕ್ಕೆ ಬೇಕೆಂದೇ ಉಲ್ಟಾ ಆಟೆ, ಅಂದರೆ ಎಡಕ್ಕೆ ತಿರುಗುವ ತಿರುಪು, ಕೊಯ್ದೆ. ಬಿಚ್ಚಲು ಹೋದಷ್ಟೂ ಬಿಗಿಯಾಗುತ್ತದೆ. ರೀಫಿಲ್ ಮುಗಿದರೆ ನನ್ನ ಮನೆಗೇ ಬರಬೇಕು. ಬಂದವರನ್ನು ಚಹಾ ಕುಡಿಸದೆ ಕಳಿಸುವುದುಂಟೇ? ಹೆಂಡತಿಯ ವರ್ಷದ ಊಟಕ್ಕೆ ಬಂದವರ ಕೈಗೆ ಒಂದೊಂದು ಪೆನ್ನು ಕೊಟ್ಟು, ಹೊಸ ಕಪ್-ಬಸಿಗಳನ್ನು ತಂದಿಟ್ಟುಕೊಂಡು ಕಾದೆ.

ಮಳೆಗಾಲ ಹೋಯಿತು, ದೀಪಾವಳಿ ಹೋಯಿತು, ಕಬ್ಬಿನ ಗಾಡಿಗಳೂ ಓಡಾಡಿ ಮುಗಿದವು. ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಅದರಲ್ಲೂ ಹತ್ತಿರದ ಭೋಜ ಹಳ್ಳಿಯ ಬಾಬು ತಾತ್ಯಾನನ್ನು. ಅವನು ನನ್ನ ಹಳೆಯ ಸ್ನೇಹಿತ. ಹೊಲದ ನೀರಿನ ಪಾಳಿಯನ್ನು ದಿನಾ ವಹಿಯಲ್ಲಿ ಬರೆಯುವವನು. ಅವನ ರೀಫಿಲ್ ಎರಡೇ ತಿಂಗಳಿಗೆ ಮುಗಿಯಬೇಕಿತ್ತು. ಕಡೆಗೆ ತಡೆಯಲಾರದೆ ಬಸ್ ಹತ್ತಿ ನಾನೇ ಹೋದೆ.

ತಾತ್ಯಾ ಪಡಸಾಲೆಯಲ್ಲಿ ಯಾವುದೋ ಪ್ಲಾಸ್ಟಿಕ್ ಪೆನ್ನಿನಿಂದ ಬರೆಯುತ್ತಿದ್ದ. ನನ್ನ ಪೆನ್ನೆಲ್ಲಿ ಎಂದು ಕೇಳಿದೆ. ಅವನ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ನನ್ನನ್ನು ದೇವರ ಜಗಲಿಯ ಮುಂದೆ ಕರೆದೊಯ್ದರು. ಅಲ್ಲಿ ನನ್ನ ಪೆನ್ನು ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ಚೆಂಡುಹೂವು ಹೊತ್ತು ಕುಳಿತಿತ್ತು.

"ವೈನಿ, ಇದು ಬರಿಯೂ ಪೆನ್ನರೀ!"

"ನೆತ್ತಿ ಮ್ಯಾಲೆ ಲಕ್ಷ್ಮಿ ಕುಂತಾಳ್ರಿ ಮಾಸ್ತರ. ಆಕೀನ್ನ ಹಿಡದು ನೀರಿನ ಪಾಳಿ ಬರ್ಯಾಕ ಆಕ್ಕೈತೇನ್ರಿ? ಎಲ್ಲಾರ ಮನ್ಯಾಗೂ ಜಗಲಿ ಮ್ಯಾಲೇ ಇಟ್ಟಾರ."

ಮೂವತ್ತು ವರ್ಷ ಕೂದಲೆಳೆಯಷ್ಟೂ ಅಳತೆ ತಪ್ಪದಂತೆ ದುಡಿದ ನನಗೆ ಈ ಒಂದು ಅಳತೆ ಹೊಳೆಯಲೇ ಇಲ್ಲ. ಪಡಸಾಲೆಗೆ ಮರಳಿ, ನಾಚಿಕೆ ಬಿಟ್ಟು ಉಲ್ಟಾ ಆಟೆಯ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. "ರೀಫಿಲ್ ಮುಗದರ ಯಾರರೆ ಮನೀಗೆ ಬರ್ತೀರಿ ಅಂತ ಮಾಡಿದ್ದೆ, ತಾತ್ಯಾ. ಮನ್ಯಾಗ ಒಬ್ಬಾಂವ್ಗ ಭಾಳ ಬ್ಯಾಸರಾಗತೈತಿ."

ತಾತ್ಯಾ ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಪೆನ್ನು ಕೆಳಗಿಟ್ಟ.

"ಅಲ್ಲೋ ಮಾಸ್ತರ, ನಿಪ್ಪಾಣಿಂದ ಭೋಜಕ್ಕ ಬಸ್ಸ ಇಲ್ಲೇನು? ಅಕ್ಕಾ ಇದ್ದಾಗ ತಿಂಗಳಿಗೊಮ್ಮೆ ಬರ್ತಿದ್ರಿ. ಆಕಿ ಹೋದ ಮ್ಯಾಲೆ ಇವತ್ತ ಬಂದಿ, ಅದೂ ಪೆನ್ನ ನೋಡಾಕ. ನಾವೂ ಹಾದಿ ನೋಡೀವಿ."

ವೈನಿ ಚಹಾ ತಂದಿಟ್ಟರು. ನಾನು ತಲೆ ತಗ್ಗಿಸಿ ಬಸಿಗೆ ಸುರುವಿಕೊಂಡೆ. ತಿಂಗಳಿಗೊಮ್ಮೆ ಬರುತ್ತಿದ್ದವಳು ನನ್ನ ಹೆಂಡತಿ. ನಾನು ಚೀಲ ಹಿಡಿದುಕೊಂಡು ಹಿಂದೆ ಬರುತ್ತಿದ್ದೆ, ಅಷ್ಟೇ. ಅರವತ್ಮೂರು ವರ್ಷದ ನಾನು ಇನ್ನೊಬ್ಬರ ಮನೆಗೆ ನನ್ನಷ್ಟಕ್ಕೆ ನಾನೇ ಹೋದದ್ದು ಅದೇ ಮೊದಲ ಸಲ.