ಹಂಪಿಗೆ ತಕ್ಕ ಗಾಡಿ

ದುರ್ಗಕ್ಕನ ಒಳ್ಳೆಯ ಮನಸ್ಸೇ ಅವತ್ತಿನ ಫಜೀತಿಗೆಲ್ಲ ಮೂಲ.

ಹೊಸಪೇಟೆಯ ಬೈಪಾಸ್ ಬದಿಯಲ್ಲಿ ತಿಪ್ಪೇಶನ ಬೈಕ್ ಅಂಗಡಿ. ರಿಪೇರಿಯ ಅಂಗಡಿಯಲ್ಲ, ಗಾಡಿಯ ರೂಪವನ್ನೇ ಬದಲಿಸಿ ಕೊಡುವ ಅಂಗಡಿ. ಪಕ್ಕದಲ್ಲಿ ದುರ್ಗಕ್ಕನ ಮಿರ್ಚಿ-ಮಂಡಕ್ಕಿ ಗೂಡಂಗಡಿ. ಬೆಳಿಗ್ಗೆ ತಿಪ್ಪೇಶ್ ಬೈಕೊಂದನ್ನು ಬಿಸಿಲಿಗೆ ನಿಲ್ಲಿಸಿ ವಾರ್ನಿಶ್ ತರಲು ಪೇಟೆಗೆ ಹೋದ. ಅದರ ಟ್ಯಾಂಕಿಗೆ ಹಿಡಿದಿದ್ದ ತುಕ್ಕು ಕಂಡು ದುರ್ಗಕ್ಕನ ಕರುಳು ಚುರುಕ್ ಎಂದಿತು. ಪಾತ್ರೆ ತಿಕ್ಕಿ ಮುಗಿಸಿದ ಹುಣಸೆಹಣ್ಣು, ಉಪ್ಪು ಇನ್ನೂ ಕೈಯಲ್ಲೇ ಇದ್ದವು. ತಿಪ್ಪೇಶ್ ಮರಳಿ ಬಂದಾಗ ಟ್ಯಾಂಕು ಮದುವೆಮನೆಯ ತಂಬಿಗೆಯಂತೆ ಹೊಳೆಯುತ್ತಿತ್ತು.

“ಅಕ್ಕಾ! ಏನ್ ಮಾಡಿದ್ರಿ ಇದು?”

“ಇರ್ಲಿ ಬಿಡಪ್ಪಾ, ಏನ್ ದೊಡ್ಡ ಕೆಲ್ಸ. ಆದ್ರೂ ಎಂಥಾ ತುಕ್ಕಪ್ಪಾ ಅದು! ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದು ಹೋದ್ವು.”

“ಆ ತುಕ್ಕು ನಾನೇ ಹಿಡ್ಸಿದ್ದೆನಕ್ಕಾ! ತಿಂಗ್ಳುಗಟ್ಲೆ ಉಪ್ಪು ನೀರು ಹಾಕಿ ಬೆಳ್ಸಿದ್ದೆ!”

ದುರ್ಗಕ್ಕ ಅವನ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ.

ತಿಪ್ಪೇಶನ ತಲೆ ನೆಟ್ಟಗೇ ಇತ್ತು. ಕಮಲಾಪುರದಲ್ಲಿ ಲಾಡ್ಜ್ ಇಟ್ಟುಕೊಂಡು, ಹಂಪಿ ನೋಡಲು ಬರುವವರಿಗೆ ಬೈಕ್ ಬಾಡಿಗೆ ಕೊಡುವ ಮುರುಗೇಶ್ ಸಾವ್ಕಾರರಿಗೆ ಒಂದು ಆಸೆ ಹುಟ್ಟಿತ್ತು. “ಹೊಸಾ ಗಾಡಿ ಊರಿಗೆಲ್ಲ ಅದಾವು. ಕಲ್ಲಿನ ಮಂಟಪದ ಮುಂದ ನಿಂತ್ರ ಮಂಟಪದ ವಾರಗಿ ಅನ್ನಿಸ್ಬೇಕು. ಹಳೇದು ಕಾಣ್ಬೇಕು, ಹೊಸದರಂಗ ಓಡ್ಬೇಕು. ಅಂಥಾದೊಂದು ಮಾಡಿ ತೋರ್ಸು, ನನ್ನ ಗಾಡಿ ಅಷ್ಟರ ಕೆಲ್ಸಾನೂ ನಿನಗ” ಎಂದಿದ್ದರು. ತಿಪ್ಪೇಶ್ ಹಿಂದುಮುಂದು ನೋಡದೆ ತನ್ನ ಸ್ವಂತ ಬೈಕಿನ ಬಣ್ಣವನ್ನೇ ಕೆರೆದು ಕೂತ. ತೋರಿಸುವ ದಿನ ಇವತ್ತೇ, ಸಂಜೆಗೆ.

ಸಂಜೆಯ ಮಾತು ಬರೀ ತೋರಿಸುವುದರದ್ದಾಗಿರಲಿಲ್ಲ. ಹೆಂಡತಿ ಶೈಲಜಾಳ ಅಣ್ಣ ಉಜ್ಜಿನಪ್ಪ ಸಂಡೂರಿನಲ್ಲಿ ಅದಿರಿನ ಲಾರಿ ತೂಗುವ ಕಡೆ ಕೂತು ಮಾಡುವ ಒಂದು ಕುರ್ಚಿ ಕೆಲಸ ಗೊತ್ತು ಮಾಡಿಟ್ಟು, ಇವತ್ತು ರಾತ್ರಿಯೊಳಗೆ ಉತ್ತರ ಬೇಕೆಂದಿದ್ದ. ಸಾವ್ಕಾರರು ಒಪ್ಪಿದರೆ ಅಂಗಡಿ ಉಳಿಯಿತು; ಇಲ್ಲವಾದರೆ ಬಾಗಿಲು ಎಳೆದು ಕುರ್ಚಿಗೆ ಹೋಗಬೇಕು. ಅಂಗಡಿಗೆ ಜನ ಬರುತ್ತಿರಲಿಲ್ಲ ಎಂದೇನಲ್ಲ. ಹುಡುಗರು ಬಂದು ಹ್ಯಾಂಡಲ್ ಹಿಡಿದು ಫೋಟೋ ತೆಗೆಸಿಕೊಂಡು, ಮಸ್ತ್ ಐತಣ್ಣಾ ಎಂದು ಹೋಗುತ್ತಿದ್ದರು. ಮೆಟ್ರಿ ಕಡೆಯ ರೈತರು ಬಂದು ಹಾಲಿನ ಕ್ಯಾನಿಗೆ ಎರಡು ಕೊಂಡಿ ಹಾಕಿಸಿಕೊಂಡು ಹೋಗುತ್ತಿದ್ದರು. ಅಂದವನ್ನು ಮೆಚ್ಚುವವರು ದುಡ್ಡು ಬಿಚ್ಚುತ್ತಿರಲಿಲ್ಲ, ದುಡ್ಡು ಬಿಚ್ಚುವವರು ಅಂದವನ್ನು ಕೇಳುತ್ತಿರಲಿಲ್ಲ. ಈ ಕಸುಬಿನ ಕಷ್ಟವೇ ಅದು, ಪಾಪ.

ಅಷ್ಟರಲ್ಲಿ ಸುದ್ದಿ ಹಬ್ಬಿ ಸಲಹೆಗಳು ಬಂದವು. “ಉಪ್ಪಿನಕಾಯಿ ರಸ ಸುರಿ, ಕಬ್ಬಿಣ ಉಳಿಯಂಗಿಲ್ಲ” ಎಂದ ಪಂಕ್ಚರ್ ಅಂಗಡಿಯ ಭರಮಣ್ಣ. ತನ್ನಿಂದಾದ ಪ್ರಮಾದಕ್ಕೆ ನೊಂದ ದುರ್ಗಕ್ಕ, ಉಳಿದಿದ್ದ ಹುಳಿ ಮಜ್ಜಿಗೆಯನ್ನೆಲ್ಲ ಟ್ಯಾಂಕಿನ ಮೇಲೆ ಹೊಯ್ದಳು. ತುಕ್ಕು ಬರಲಿಲ್ಲ, ನೊಣ ಬಂದವು. ಭರಮಣ್ಣನ ಉಪ್ಪಿನಕಾಯಿಯ ರಸ ನೊಣಗಳ ಜೊತೆಗೆ ಇರುವೆಗಳನ್ನೂ ಕರೆಯಿತು. ತುಕ್ಕು ಹಿಡಿಯುವುದು ಇಷ್ಟು ಕಷ್ಟವೆಂದು ಕಬ್ಬಿಣ ಇಟ್ಟುಕೊಂಡವರಿಗೆ ಯಾರಿಗೂ ಗೊತ್ತಿರುವುದಿಲ್ಲ.

ಹೊತ್ತು ಏರಿತು. ತಿಪ್ಪೇಶ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಸಂಡೂರಿನ ಅದಿರು ಲಾರಿಯೊಂದು ಮಿರ್ಚಿ ತಿನ್ನಲು ನಿಂತಿತು. ಚಕ್ರದಿಂದ ಚಾವಣಿಯವರೆಗೆ ಕೆಂಪು ಧೂಳು. ತಿಪ್ಪೇಶ್ ಎದ್ದು ಓಡಿದ.

“ಅಣ್ಣಾ, ಒಂದ್ ಬೊಗಸಿ ಧೂಳು ಬಳ್ಕೊಳ್ಳಲೇನ್ರಿ?”

“ಲಾರೀನೇ ತೊಳ್ದು ಬಿಡು ಮಾರಾಯಾ, ಅಷ್ಟೂ ನಿಂದೇ” ಎಂದ ಡ್ರೈವರ್.

ತಿಪ್ಪೇಶ್ ಟ್ಯಾಂಕು ತೊಳೆದು, ವಾರ್ನಿಶಿನಲ್ಲಿ ಕೆಂಧೂಳು ಕಲಸಿ, ಬೆರಳಿನಿಂದ ತಟ್ಟಿ, ಬಟ್ಟೆಯಿಂದ ಒರೆಸಿ, ಮತ್ತೆ ತಟ್ಟಿದ. ಮಧ್ಯಾಹ್ನದ ಬಿಸಿಲಿಗೆ ಅದು ಒಣಗಿದಾಗ ದುರ್ಗಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೊದಲಿನ ತುಕ್ಕಿಗಿಂತ ಇದು ಚೆನ್ನಾಗಿತ್ತು. ಎಷ್ಟೋ ಮಳೆಗಾಲ ಕಂಡ ಕಳೆ ಅದಕ್ಕೆ ಬಂದಿತ್ತು. ತಿಪ್ಪೇಶನಿಗೆ ಕಣ್ಣು ತುಂಬಿ ಬಂತು. ಇಷ್ಟು ಚೆಂದದ ಕೆಲಸ ಅವನ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಸಂಜೆ ಕಮಲಾಪುರಕ್ಕೆ ಹೊರಟವನು ದಾರಿಯ ಮಲಪನಗುಡಿಯಲ್ಲಿ ನೀರು ಕುಡಿಯಲು ನಿಂತಾಗ ಗುಜರಿ ಎರ್ರೆಪ್ಪ ತಳ್ಳುಗಾಡಿ ಬಿಟ್ಟು ಹತ್ತಿರ ಬಂದ. “ಕೆಜಿ ಲೆಕ್ಕಕ್ಕ ಕೊಡ್ತೀಯೇನಪ್ಪಾ? ಇಂಥಾದ್ರ ಮ್ಯಾಲ ಯಾಕ ಕುಂದ್ರತೀ, ಜೀವಕ್ಕ ಅಪಾಯ” ಎಂದ.

“ಖರೇನೇ ಗುಜರಿ ಹಂಗ ಕಾಣ್ತೈತೇನ್ರಿ?”

“ಕಾಣೋದೇನ ಬಂತು? ಗುಜರೀನೇ ಅಲ್ಲೇನು!”

ಬೇರೆ ಯಾರಾದರೂ ಆಗಿದ್ದರೆ ಜಗಳವಾಗುತ್ತಿತ್ತು. ತಿಪ್ಪೇಶ್ ಆ ಮುದುಕನ ಕೈ ಹಿಡಿದು ಕುಲುಕಿ, ಚಹಾ ಕುಡಿಸಿ ಮುಂದೆ ಹೋದ.

ಕಮಲಾಪುರದಲ್ಲಿ ಮುರುಗೇಶ್ ಸಾವ್ಕಾರರು ಗಾಡಿಯ ಸುತ್ತ ತಿರುಗಿದರು. ಟ್ಯಾಂಕು ಸವರಿದರು. ಏರಿ ಒಂದು ಸುತ್ತು ಹೊಡೆದು ಬಂದರು. ಲಾಡ್ಜಿನಲ್ಲಿದ್ದ ಪ್ರವಾಸಿಗಳು ಓಡಿ ಬಂದು ಫೋಟೋ ತೆಗೆದರು. ಒಬ್ಬಾಕೆಯಂತೂ ತನಗೆ ಬಾಡಿಗೆಗೆ ಈ ಗಾಡಿಯೇ ಬೇಕೆಂದು ಹಟ ಹಿಡಿದಳು.

“ತಿಪ್ಪೇಶಾ,” ಸಾವ್ಕಾರರು ಅವನ ಬೆನ್ನು ತಟ್ಟಿದರು, “ನೀ ನನ್ನ ಕಣ್ಣು ತೆರಿಸಿದ್ಯಲೇ!”

“ನಿಮ್ಮ ಆಶೀರ್ವಾದ್ರೀ. ಗಾಡಿ ನಾಳಿಂದಾನೇ ಕಳಿಸ್ತೀರೇನ್ರಿ?”

“ಬಾ ಇಲ್ಲಿ.” ಹೆಗಲ ಮೇಲೆ ಕೈ ಹಾಕಿ ಅವನನ್ನು ಲಾಡ್ಜಿನ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಬೇವಿನ ಮರದ ಕೆಳಗೆ, ಬಾಡಿಗೆಗೆ ಓಡಿ ಓಡಿ ಸುಸ್ತಾದ ಹಳೆಯ ಬೈಕುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಮಳೆ ಬಿಸಿಲು ಉಂಡು, ತುದಿಯಿಂದ ಬುಡದವರೆಗೆ ಕೆಂಪಗೆ ತುಕ್ಕು ಹಿಡಿದಿದ್ದವು.

“ಇವನ್ನೆಲ್ಲ ನಾಳೆ ಗುಜರಿಗೆ ಹಾಕಾಂವ ಇದ್ದೆ. ಇನ್ನ ಇವನ್ನ ಬಾಡಿಗಿಗೆ ಬಿಟ್ರಾತು, ಹೊಸಾ ಗಾಡಿ ಕೆಡಿಸಾಕ ನಿನಗ ಯಾಕ ತ್ರಾಸು ಕೊಡ್ಲಿ? ಎಂಜಿನ್ ಕೆಲ್ಸಕ್ಕ ನಮ್ಮ ಲಾಡ್ಜಿನಾಗ ಮೆಕ್ಯಾನಿಕ್ ಅದಾನ. ಏನೋಪಾ, ದೇವ್ರಂಗ ಬಂದಿ ನೋಡು. ಊಟ ಮಾಡ್ಕೊಂಡೇ ಹೋಗ್ಬೇಕು.”

ತಿಪ್ಪೇಶ್ ಒಂದು ಬೈಕಿನ ಟ್ಯಾಂಕನ್ನು ಮುಟ್ಟಿ ನೋಡಿದ. ನಿಜವಾದ ತುಕ್ಕು. ಮನಸ್ಸಿಗೆ ಎಷ್ಟು ಬೇಜಾರಾದರೂ, ಕೆಲಸಗಾರನ ಕಣ್ಣಿಗೆ ಅದು ತನ್ನದಕ್ಕಿಂತ ಒಂದು ಕೈ ಮೇಲೆಂದು ಒಪ್ಪದೆ ಇರಲಾಗಲಿಲ್ಲ.

ಅಷ್ಟರಲ್ಲಿ ಶೈಲಜಾಳ ಫೋನ್ ಬಂತು. “ಏನಾತ್ರೀ? ಸಾವ್ಕಾರ್ರಿಗೆ ಮನಸ್ಸಿಗೆ ಬಂತೇನು?”

“ಭಾಳ ಬಂತು.”

“ನಾ ಹೇಳ್ಲಿಲ್ಲೇನ್ರಿ? ಈ ಕಸುಬಿನಾಗ ಲಾಭ ಐತಂತ ನಂಗ ಮೊದ್ಲೇ ಗೊತ್ತಿತ್ತು!”

“ಐತಿ, ಶೈಲಾ. ಕಣ್ಣಾರೆ ನೋಡಾಕತ್ತೀನಿ,” ಎಂದ ತಿಪ್ಪೇಶ್, ಬೈಕುಗಳನ್ನು ಆಳಿನ ಕೈಯಲ್ಲಿ ಒಂದೊಂದಾಗಿ ಒರೆಸಿಸುತ್ತಿದ್ದ ಸಾವ್ಕಾರರನ್ನು ನೋಡುತ್ತ. “ನಿಮ್ಮಣ್ಣಗ ಫೋನ್ ಹಚ್ಚು. ನಾಳೆ ಸಂಡೂರಿಗೆ ಬರ್ತೀನಂತ ಹೇಳು.”