ಚಿಕ್ಕಣ್ಣನ ಹವಾಮಾನ

ಬೆಳಿಗ್ಗೆ ಒಂಬತ್ತೂವರೆಗೆ ಬಲ್ಬು ಸುಟ್ಟುಹೋಯಿತು. ಮನೆಯ ಬೇರೆ ಯಾವ ಬಲ್ಬು ಹೋಗಿದ್ದರೂ ಗುಮಾಸ್ತ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಮಾವನ ಹಾವಿನ ಪೆಟ್ಟಿಗೆಯ ಬಲ್ಬು.

ಮಾವ ನಿವೃತ್ತರಾದ ತಿಂಗಳಲ್ಲೇ ಒಂದು ಸಾಕು ಹೆಬ್ಬಾವನ್ನು ತಂದು, ಅದಕ್ಕೆ ಚಿಕ್ಕಣ್ಣ ಎಂದು ಹೆಸರಿಟ್ಟು, ನಡುಮನೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ಪೆಟ್ಟಿಗೆ ಮಾಡಿಸಿದ್ದರು. ಅತ್ತೆ ಅದೇ ವಾರ ಹಿರಿಮಗಳ ಮನೆಗೆ ಹೋದವರು ಇನ್ನೂ ಬಂದಿಲ್ಲ. ಮನೆಯಳಿಯನಾದ ಗುಮಾಸ್ತನಿಗೆ ಆ ಅನುಕೂಲವೂ ಇರಲಿಲ್ಲ. ಬೇರೆ ಮನೆ ಮಾಡುತ್ತೇವೆಂದು ಅವನು ಎರಡು ವರ್ಷದಿಂದ ಕೇಳುತ್ತಲೇ ಇದ್ದ; ಮಾವ "ನೋಡೋಣ" ಎನ್ನುತ್ತಲೇ ಇದ್ದರು. ಆ ದಿನ ಹೊರಗೆ ಹೊರಟಾಗ ಮಾತ್ರ ಬೇರೆ ಮಾತಾಡಿದರು.

"ಅಳಿಯಂದ್ರೇ, ಹೇಗೂ ರಜೆ ಹಾಕಿದೀರಿ. ಸಂಜೆವರೆಗೆ ಈ ಪೆಟ್ಟಿಗೆ ನಿಮ್ಮ ಜವಾಬ್ದಾರಿ. ಬಿಸಿ ಕಡೆ ಮೂವತ್ತೆರಡು ಡಿಗ್ರಿ, ತಂಪು ಕಡೆ ಇಪ್ಪತ್ತಾರು, ತೇವ ಅರವತ್ತು. ಗಂಟೆಗೊಂದ್ಸಲ ಪುಸ್ತಕದಲ್ಲಿ ಬರೀರಿ. ಇದೊಂದು ಸರಿಯಾಗಿ ಆದ್ರೆ ಬೇರೆ ಮನೆ ವಿಷಯ ಇವತ್ತೇ ಮುಗಿಸಿಬಿಡೋಣ."

ಪುಸ್ತಕದಲ್ಲಿ ಐದು ಕಾಲಂ ಇದ್ದವು: ವೇಳೆ, ಬಿಸಿ, ತಂಪು, ತೇವ, ವಿಶೇಷ. ಹದಿನಾಲ್ಕು ವರ್ಷ ಕಚೇರಿಯ ರಿಜಿಸ್ಟರುಗಳ ಜೊತೆ ಬಾಳಿದವನಿಗೆ ಖಾಲಿ ಕಾಲಂ ಕಂಡರೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಪೆಟ್ಟಿಗೆಯೊಳಗೆ ಬೋರಲು ಹಾಕಿದ ಒಂದು ದೊಡ್ಡ ಮಣ್ಣಿನ ಕುಂಡವಿತ್ತು. ಚಿಕ್ಕಣ್ಣ ಹಗಲೆಲ್ಲ ಅದರೊಳಗೇ ಸುತ್ತಿಕೊಂಡು ಮಲಗಿರುವ ಜೀವ. ಕುಂಡ ಎತ್ತಿ ನೋಡುವ ಧೈರ್ಯ ಗುಮಾಸ್ತನಿಗೆ ಈ ಜನ್ಮದಲ್ಲಿ ಇರಲಿಲ್ಲ. ಒಂಬತ್ತು ಗಂಟೆಯ ಸಾಲಿನಲ್ಲಿ 'ವಿಶೇಷ'ದ ಕೆಳಗೆ, "ಹಾವು ಸೌಖ್ಯ" ಎಂದು ಬರೆದ.

ಅರ್ಧ ಗಂಟೆಗೆ ಬಲ್ಬು ಹೋಯಿತು. ಕಚೇರಿ ಬಿಡುವ ಹೊತ್ತಿನ ಸಿಬ್ಬಂದಿಯ ಹಾಗೆ ಡಿಗ್ರಿಗಳು ಒಂದರ ಹಿಂದೊಂದು ಇಳಿಯತೊಡಗಿದವು. ಬೀದಿಯ ಕೊನೆಯ ಬಲ್ಬಿನ ಅಂಗಡಿಗೆ ಓಡಿದರೆ ಅಲ್ಲಿ ವಾರದ ರಜೆ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗ ಕೆಳಮನೆಯ ಹವಾಮಾನದವರು ಎದುರಾದರು. ಹವಾಮಾನ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು, ಮಳೆ ಎಂದ ದಿನವೆಲ್ಲ ಬಿಸಿಲು ಬರಿಸಿದವರು. ಗುಮಾಸ್ತ ಬಲ್ಬಿನ ಸಂಗತಿ ಹೇಳಿದ.

"ಎಷ್ಟಕ್ಕೆ ಇಳಿದಿದೆ?"

"ಇಪ್ಪತ್ತೇಳು, ಸಾರ್."

ಅವರ ಮುಖ ಅರಳಿತು. ಇಡೀ ನಾಡಿನ ಹವಾಮಾನ ಮಾತು ಕೇಳಿರಲಿಲ್ಲ, ನಿಜ. ಆದರೆ ಇದು ಒಂದು ಪೆಟ್ಟಿಗೆಯ ಹವಾಮಾನ. "ನಡೀರಿ. ನಾನಿದೀನಲ್ಲ."

ಅವರ ಮೊದಲ ಆಜ್ಞೆಯಂತೆ ಪಕ್ಕದ ಸಲೂನಿನವನು ಹೇರ್ ಡ್ರೈಯರ್ ಸಮೇತ ಬಂದ. ಗಿರಾಕಿಗೆ ತಲೆ ಒಣಗಿಸುವ ಹಾಗೆ ಪೆಟ್ಟಿಗೆಯ ಜಾಲರಿಯ ಮೇಲೆ ಅತ್ತಿಂದಿತ್ತ ಆಡಿಸಿದ. ಐದೇ ನಿಮಿಷಕ್ಕೆ ಬಿಸಿ ಮೂವತ್ತೆಂಟಕ್ಕೆ ಹಾರಿತು, ತೇವ ಇಪ್ಪತ್ತೆಂಟಕ್ಕೆ ಬಿತ್ತು.

"ಹಾವು ಹಪ್ಪಳ ಆಗತ್ತೆ, ನಿಲ್ಸಪ್ಪ," ಎಂದರು ಹವಾಮಾನದವರು.

ಅಷ್ಟರಲ್ಲಿ ಸದ್ದು ಕೇಳಿ ಮೇಲ್ಮನೆಯ ಹೂಗಿಡದಮ್ಮ ಇಳಿದು ಬಂದರು. ಅವರ ಕೈಯಲ್ಲಿ ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿ ಯಾವಾಗಲೂ ಇರುತ್ತಿತ್ತು. "ಪಾಪ, ಬಾಯಾರಿರತ್ತೆ ತಮ್ಮಾ," ಎನ್ನುತ್ತ ಎಡಬಿಡದೆ ಚಿಮುಕಿಸಿದರು. ತೇವ ತೊಂಬತ್ತೊಂದು. ಗಾಜಿನ ಒಳಮೈಗೆಲ್ಲ ಮಂಜು ಕವಿದು, ಕುಂಡ ಎಲ್ಲಿದೆ ಎಂಬುದೂ ಅಂದಾಜಿಗೆ ಬಿಟ್ಟ ವಿಷಯವಾಯಿತು.

"ಅದು ಉಸಿರಾಡ್ತಿದೆಯಾ?" ಎಂದು ಗುಮಾಸ್ತ ಕೇಳಿದ.

ಹವಾಮಾನದವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಏನೂ ಕಾಣಲಿಲ್ಲ. ಆದರೆ ಕಾಣಲಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ಅವರ ಇಲಾಖೆಯಲ್ಲಿರಲಿಲ್ಲ. "ಬಾಲ ಅಲ್ಲಾಡಿತು," ಎಂದರು.

"ಹೌದು, ನನಗೂ ಕಾಣ್ತು. ನಾಲಿಗೆ ಹೊರಗೆ ಹಾಕಿ ನನ್ನನ್ನೇ ನೋಡ್ತು," ಎಂದರು ಹೂಗಿಡದಮ್ಮ.

ಸಲೂನಿನವನು ಗಾಜಿಗೆ ಕಿವಿ ಹಚ್ಚಿದ. "ಸಾರ್, ಗೊರಕೆ."

ಮೂವರು ಕಂಡದ್ದನ್ನು ತಾನೊಬ್ಬ ಕಾಣಲಿಲ್ಲ ಎಂದರೆ ಮರ್ಯಾದೆಯೇ? ಗುಮಾಸ್ತನೂ ಗಾಜಿಗೆ ಮೂಗು ಒತ್ತಿ, "ಓ, ಅಲ್ಲಿದೆ," ಎಂದ. ಎದೆಯ ಭಾರ ಇಳಿಯಿತು. ಹನ್ನೊಂದರ ಸಾಲಿನಲ್ಲಿ ಎಲ್ಲವನ್ನೂ ಒಪ್ಪವಾಗಿ ದಾಖಲು ಮಾಡಿದ.

ಮಧ್ಯಾಹ್ನ ಹವಾಮಾನದವರು ಹೊಸ ಯೋಜನೆ ಹೊರಡಿಸಿದರು. "ನೋಡಿ ಇವ್ರೇ, ಪೆಟ್ಟಿಗೆ ಬಿಟ್ಹಾಕಿ. ನಡುಮನೇನೇ ಪೆಟ್ಟಿಗೆ ಅಂದ್ಕೊಳ್ಳಿ."

ಕಿಟಕಿ ಮುಚ್ಚಿದರು. ಬಾಗಿಲ ಸಂದಿಗೆ ಗುಮಾಸ್ತನ ಹೊಸ ಪಂಚೆ ತುರುಕಿದರು. ಪೆಟ್ಟಿಗೆಯ ಎಡಗಡೆ ಇಸ್ತ್ರಿಪೆಟ್ಟಿಗೆ, ಕುದಿನೀರಿನ ಪಾತ್ರೆ. ಬಲಗಡೆ ಒದ್ದೆ ಟವೆಲು ಮತ್ತು ಬೀಸಣಿಗೆ ಹಿಡಿದ ಹೂಗಿಡದಮ್ಮ. ಹವಾಮಾನದವರು ಕುರ್ಚಿಯ ಮೇಲೆ ನಿಂತು, "ಎಡಕ್ಕೆ ಹಬೆ, ಬಲಕ್ಕೆ ಗಾಳಿ," ಎಂದು ಕೈಬೀಸುತ್ತಿದ್ದರು. ಗೋಡೆಯ ಬಣ್ಣ ಗುಳ್ಳೆ ಎದ್ದಿತು. ಬೀರುವಿನ ಬಾಗಿಲು ಉಬ್ಬಿಕೊಂಡು ಮುಚ್ಚದಾಯಿತು. ಗುಮಾಸ್ತ ಬನಿಯನ್ನಿನಲ್ಲಿ, ಎಣ್ಣೆಯಲ್ಲಿ ಅದ್ದಿ ತೆಗೆದವನಂತೆ ಹೊಳೆಯುತ್ತ, ಗಂಟೆಗೊಮ್ಮೆ ಪೆನ್ನು ಹಿಡಿದ. ಒಮ್ಮೆ ಹೂಗಿಡದಮ್ಮ ಹೇಳಿದ್ದು ಬರೆದ, ಇನ್ನೊಮ್ಮೆ ಸಲೂನಿನವನು ಹೇಳಿದ್ದು. ಮೂರು ಗಂಟೆಗೆ ಯಾರೂ ಏನೂ ಹೇಳಲಿಲ್ಲ; ಆದರೂ ಕಾಲಂ ತುಂಬಿತು.

ಸಂಜೆ ಐದಕ್ಕೆ ಪವಾಡ ನಡೆಯಿತು. ಬಿಸಿ ಮೂವತ್ತೆರಡು. ತಂಪು ಇಪ್ಪತ್ತಾರು. ತೇವ ಅರವತ್ತು. ಹವಾಮಾನದವರ ಕಣ್ಣಲ್ಲಿ ನೀರು ಬಂತು; ಬೆವರೂ ಇರಬಹುದು.

ಸರಿಯಾಗಿ ಆಗಲೇ ಮಾವ ಬಂದರು, ಹೆಗಲಲ್ಲೊಂದು ದಪ್ಪ ಬಟ್ಟೆಯ ಚೀಲ. ಅವರ ಹಿಂದೆಯೇ ಕೆಲಸ ಮುಗಿಸಿ ಬಂದ ಮಗಳು, ಗುಮಾಸ್ತನ ಹೆಂಡತಿ. ಮಾವ ಒದ್ದೆ ಟವೆಲುಗಳನ್ನೂ ಪಾತ್ರೆಗಳನ್ನೂ ದಾಟಿಕೊಂಡು ಹೋಗಿ ಸುಟ್ಟ ಬಲ್ಬನ್ನೂ ಅಂಕಿಗಳನ್ನೂ ನೋಡಿದರು. ಮತ್ತೊಮ್ಮೆ ನೋಡಿದರು.

"ಬಲ್ಬಿಲ್ಲದೆ ಇಷ್ಟು ಕರಾರುವಾಕ್ಕಾಗಿ ನನ್ನ ಕೈಲೂ ಆಗ್ತಿರಲಿಲ್ಲ ಅಳಿಯಂದ್ರೇ. ಮಗಳೇ, ನೀವು ಬೇರೆ ಮನೆ ನೋಡ್ಕೊಳ್ಳಿ. ಇವರು ಏನು ಬೇಕಾದ್ರೂ ನಿಭಾಯಿಸ್ತಾರೆ."

ಗುಮಾಸ್ತನಿಗೆ ಆ ಬೆವರಿನಲ್ಲೂ ಮೈ ಜುಮ್ಮೆಂದಿತು. ಹೆಂಡತಿ ಅವನನ್ನು ನೋಡಿ ನಕ್ಕಳು. ಮಾವ ಪೆಟ್ಟಿಗೆಯ ಮುಚ್ಚಳ ತೆಗೆದು, ಹೆಗಲ ಚೀಲ ಬಿಚ್ಚಿ, ಒಳಗೆ ಕೈಹಾಕಿ, ತೋಳುದ್ದದ ಚಿಕ್ಕಣ್ಣನನ್ನು ಮೆಲ್ಲಗೆ ಹೊರತೆಗೆದರು.

"ಹೋಗು ಮರಿ, ನಿನ್ನ ಜಾಗ ಬೆಚ್ಚಗಿದೆ. ಪಾಪ, ಬೆಳಿಗ್ಗೆಯಿಂದ ಡಾಕ್ಟರ ಹತ್ರ ಕೂತು ಸಾಕಾಗಿದೆ. ನೆಗಡಿ."

ಗುಮಾಸ್ತ ಬೋರಲು ಕುಂಡವನ್ನೊಮ್ಮೆ, ಮಾವನ ಕೈಯಲ್ಲಿದ್ದ ಹಾವನ್ನೊಮ್ಮೆ ನೋಡಿದ.

"ಅಂದ್ರೆ... ಹಾವು ಇಲ್ಲಿರಲಿಲ್ವಾ ಮಾವ?"

"ಪೆಟ್ಟಿಗೆ ತಯಾರಾಗಿರ್ಲಿ ಅಂತ ತಾನೆ ನಿಮಗೆ ಹೇಳಿದ್ದು? ಹಾವಿನ ಮಾತು ಎಲ್ಲಿ ಬಂತು?" ಎನ್ನುತ್ತ ಮಾವ ಪುಸ್ತಕ ಕೈಗೆತ್ತಿಕೊಂಡರು.

"ಹನ್ನೊಂದು ಗಂಟೆ. ಬಾಲ ಅಲ್ಲಾಡಿಸಿತು. ನಾಲಿಗೆ ಚಾಚಿ ಪ್ರೀತಿಯಿಂದ ನೋಡಿತು. ಲಘು ಗೊರಕೆ." ಮಾವ ಕನ್ನಡಕದ ಮೇಲಿನಿಂದ ಅಳಿಯನನ್ನು ನೋಡಿ ಪುಟದ ಕೆಳಗೆ ಬಂದರು. "ಎರಡು ಗಂಟೆ. ಆಕಳಿಸಿತು. ಮೂರು ಗಂಟೆ. ನನ್ನನ್ನು ಗುರುತು ಹಿಡಿದು ಮುಗುಳ್ನಕ್ಕಿತು."

ಹವಾಮಾನದವರಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಸಲೂನಿನವನಿಗೆ ಗಿರಾಕಿ ನೆನಪಾದ. "ನಾನು ಮೊದಲೇ ಅಂದ್ಕೊಂಡೆ, ತಮ್ಮ ಯಾಕೋ ಸರಿಯಿಲ್ಲ ಅಂತ," ಎಂದು ಗುಮಾಸ್ತನ ಹೆಂಡತಿಯ ಕಿವಿಯಲ್ಲಿ ಹೇಳಿ ಹೂಗಿಡದಮ್ಮನೂ ಮೆಟ್ಟಿಲು ಹತ್ತಿದರು.

"ಮಾವ, ಅವರೆಲ್ಲ ಕಾಣ್ತು ಅಂದ್ರು—"

"ಯಾರೆಲ್ಲ?" ಮಾವ ಖಾಲಿ ನಡುಮನೆಯನ್ನು ಸುತ್ತ ನೋಡಿದರು. ಆಮೇಲೆ ಎಂದೂ ಆಡದಷ್ಟು ಮೃದುವಾಗಿ, "ನೀವು ಕೂತ್ಕೊಳ್ಳಿ ಅಳಿಯಂದ್ರೇ, ಕೂತ್ಕೊಳ್ಳಿ," ಎಂದು, ಮಗಳನ್ನು ಪಕ್ಕಕ್ಕೆ ಕರೆದರು. ಆದರೂ ಗುಮಾಸ್ತನಿಗೆ ಎಲ್ಲ ಕೇಳಿಸಿತು.

"ಬೇರೆ ಮನೆ ಮಾತು ಸದ್ಯಕ್ಕೆ ಬೇಡಮ್ಮ. ಇಲ್ಲದ ಹಾವು ಇವರಿಗೆ ನಗೋದು ಕಾಣ್ಸುತ್ತೆ. ಇಂಥವರನ್ನ ಒಂಟಿಯಾಗಿ ಬಿಡೋಕಾಗಲ್ಲ. ನನ್ನ ಕಣ್ಣೆದುರಿಗೇ ಇರ್ಲಿ."

ಹೆಂಡತಿ ಬಂದು ಗಂಡನ ಹಣೆ ಮುಟ್ಟಿ ನೋಡಿದಳು. "ರೀ, ಅಪ್ಪ ಹೇಳೋದು ನಿಮ್ಮ ಒಳ್ಳೇದಕ್ಕೇ," ಎಂದಳು. ದೀಪ ಹಚ್ಚುವ ಹೊತ್ತಿಗೆ ಗುಮಾಸ್ತನ ಹಾಸಿಗೆ, ದಿಂಬು, ಹೊದಿಕೆ ಎಲ್ಲ ಮಾವನ ಕೋಣೆಗೆ ಸಾಗಿದ್ದವು.